ಪದ ಬೇಕು: ಲೇಸರ್ ಪಲ್ಸ್ ದಾಟಿದ ಮೇಲೂ ನಿಲ್ಲುವ ವಿದ್ಯುತ್ ಕ್ಷೇತ್ರಕ್ಕೆ

ಗೆಳೆಯರೇ, ಸಿಮ್ಯುಲೇಶನ್ ಕೈಪಿಡಿಯೊಂದನ್ನು ಎಂ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಒಂದೇ ಅಲೆಯಷ್ಟು ಚುಟುಕಾದ ಪಲ್ಸ್ ಬಿಟ್ಟರೆ, ಅದು ದಾಟಿಹೋದ ಮೇಲೂ ಸೋರ್ಸ್ (ಸಿಮ್ಯುಲೇಶನ್‌ನಲ್ಲಿ ಪಲ್ಸ್ ಹೊರಡುವ ಜಾಗ) ಸುತ್ತ ವಿದ್ಯುತ್ ಕ್ಷೇತ್ರ ಸೊನ್ನೆಗೆ ಇಳಿಯುವುದಿಲ್ಲ. ಇದನ್ನು 'ಹುಸಿ ಕ್ಷೇತ್ರ' ಎಂದು ಬರೆದಿದ್ದೇನೆ. ನಡೆಯುತ್ತಾ?

ಉತ್ತರ:
ಹುಸಿ ಒಳ್ಳೆಯ ಪದ, ಹಳಗನ್ನಡದ ಪುಸಿ. ಕ್ಷೇತ್ರದ ಜೊತೆ ಸೇರಿಸಿದರೆ ಅರಿಸಮಾಸ. 'ಹುಸಿಬಯಲು' ಅನ್ನಿ. ಪಲ್ಸ್ ಯಾಕೆ, ಮಿಡಿತ ಇಲ್ವಾ?

ಉತ್ತರ:
ಅರಿಸಮಾಸದ ಮಾತು ಬಿಡಿ. 'ಮಳೆಗಾಲ' ಅನ್ನುವಾಗ ಯಾರೂ ತಡೆಯುವುದಿಲ್ಲ.

ತಪ್ಪಿರುವುದು ಅರ್ಥದಲ್ಲಿ. ಆ ಕ್ಷೇತ್ರ ಹುಸಿಯಲ್ಲ. ಕೊಸೈನ್ ಅಲೆಗೆ ಗೌಸಿಯನ್ ಹೊದಿಕೆ, ಅಂದರೆ ಗಂಟೆಯಾಕಾರದ ಏರಿಳಿತ, ಹಾಕಿದಾಗ ಮೇಲಿನ ಭಾಗವೂ ಕೆಳಗಿನ ಭಾಗವೂ ಪೂರ್ತಿ ವಜಾ ಆಗುವುದಿಲ್ಲ. 800 ನ್ಯಾನೊಮೀಟರ್ ಬೆಳಕಿನ ಒಂದು ಅಲೆಗೆ ಸುಮಾರು 2.7 ಫೆಮ್ಟೊಸೆಕೆಂಡ್ ಹಿಡಿಯುತ್ತದೆ. ಪಲ್ಸ್ ಅದಕ್ಕಿಂತ ತುಂಬಾ ಉದ್ದವಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕೇ ಬಾರದು. ಅಷ್ಟಕ್ಕೇ ಕುಗ್ಗಿಸಿದರೆ ಕಾಣುತ್ತದೆ. ಸೋರ್ಸ್‌ಗೆ ಅಂಥ ಕರೆಂಟ್ ಕೊಟ್ಟರೆ ಅದರ ತುದಿಗಳಲ್ಲಿ ಚಾರ್ಜ್ ಉಳಿಯುತ್ತದೆ. ನಿಮಗೆ ಕಾಣುತ್ತಿರುವುದು ಆ ಚಾರ್ಜಿನ ಕ್ಷೇತ್ರ. ಮ್ಯಾಕ್ಸ್‌ವೆಲ್ ಸಮೀಕರಣ ಹೇಳಿದ್ದನ್ನೇ ಪ್ರೋಗ್ರಾಂ ಮಾಡಿದೆ. ಅಂಚಿನ ಹೀರುಪದರ ಹರಿದುಬರುವ ಅಲೆಯನ್ನು ಹೀರುತ್ತದೆ, ನಿಂತ ಕ್ಷೇತ್ರವನ್ನಲ್ಲ.

ಹುಸಿ ಎಂದು ಓದಿದ ವಿದ್ಯಾರ್ಥಿ ಇದು ಲೆಕ್ಕದ ತಪ್ಪೆಂದುಕೊಂಡು ಗ್ರಿಡ್ (ಲೆಕ್ಕ ಹಾಕುವ ಚೌಕಗಳ ಜಾಲ) ಸಣ್ಣದು ಮಾಡುತ್ತಾ ಸುಮ್ನೆ ದಿನ ಕಳೆಯುತ್ತಾನೆ. ಎಷ್ಟು ಸಣ್ಣದು ಮಾಡಿದರೂ ಅದು ಹೋಗುವುದಿಲ್ಲ. ಹೊದಿಕೆ ಹಾಕಿದ ಅಲೆಯ ಡಿರೈವೇಟಿವ್ (ಹೊತ್ತಿನೊಂದಿಗೆ ಅದು ಬದಲಾಗುವ ದರ) ತೆಗೆದು, ಅದನ್ನು ಕರೆಂಟ್ ಆಗಿ ಕೊಡಬೇಕು. ಆಗ ಕರೆಂಟಿನ ಒಟ್ಟು ಮೊತ್ತ ಸೊನ್ನೆಯಾಗುತ್ತದೆ, ಚಾರ್ಜ್ ಉಳಿಯುವುದಿಲ್ಲ. ಉಳಿಯುವುದೇ ಇಲ್ಲಿನ ತೊಂದರೆ, ಹಾಗಾಗಿ 'ಉಳಿಕೆ ಕ್ಷೇತ್ರ' ಎನ್ನಿ.

ಉತ್ತರ:
ಉಳಿಕೆ ಒಪ್ಪಿದೆ. ಕ್ಷೇತ್ರ ಒಪ್ಪಲಾರೆ. ಯಾತ್ರೆಗೆ ಹೋಗುವುದೂ ಕ್ಷೇತ್ರ, ಶಾಸಕರದ್ದೂ ಕ್ಷೇತ್ರ. ಎರವಲು ಪದಕ್ಕೆ ಇನ್ನೆಷ್ಟು ಹೊರೆ ಹೊರಿಸುತ್ತೀರಿ? ಕನ್ನಡದಲ್ಲಿ ಪದ ಕಟ್ಟುವ ಕಸುವಿದೆ. ಬಳಸದಿದ್ದರೆ ಅದು ಬತ್ತುತ್ತದೆ.

ಉತ್ತರ:
ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಶಾಲೆಯಲ್ಲಿ 'ಕಾಂತಕ್ಷೇತ್ರ' ಓದಿ ಬಂದವರ ಕೈಗೆ ಬಯಲು ಕೊಟ್ಟರೆ, ಎರಡೂ ಒಂದೇ ಬಗೆಯವು ಎಂದು ಅವರಿಗೆ ಹೊಳೆಯುವುದಿಲ್ಲ. ಪಲ್ಸ್ ಕೂಡ ಹಾಗೇ ಇರಲಿ. 1995ರಿಂದ ಪಲ್ಸ್ ಪೋಲಿಯೊ ಹನಿ ಹಾಕಿಸಿದ ತಾಯಂದಿರಿಗೆಲ್ಲ ಗೊತ್ತಿರುವ ಪದ ಅದು.

ಕೇಳಿದವರು:
'ಉಳಿಕೆ ಕ್ಷೇತ್ರ' ಹಾಕುತ್ತಿದ್ದೇನೆ. ಗ್ರಿಡ್ ಒರಟಾಗಿದ್ದಾಗ ಹುಟ್ಟುವ, ಸಣ್ಣದಾಗಿಸಿದರೆ ಹೋಗುವ ಗದ್ದಲಕ್ಕೆ ಮಾತ್ರ 'ಹುಸಿ' ಉಳಿಸಿಕೊಳ್ಳುತ್ತೇನೆ. ಡಿರೈವೇಟಿವ್ ವಿಷಯವನ್ನೂ ಅಲ್ಲೇ ಕೆಳಗೆ ಸೇರಿಸುತ್ತೇನೆ, ಮೂಲದಲ್ಲಿ ಅದು ಇಲ್ಲ.