ಸೌಂಡ್‌ಪ್ರೂಫ್, ಎಸ್‌ಟಿಸಿ, ಎನ್‌ಆರ್‌ಸಿ: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕುಮಟಾದಲ್ಲಿ ನನ್ನ ತಂಗಿಯ ಮನೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿಯೇ ಇದೆ. ರಸ್ತೆ ಕಡೆಯ ಕೋಣೆಗೆ ಹೊಸ ಕಿಟಕಿ ಹಾಕಿಸಬೇಕಂತೆ. ಅಂಗಡಿಯವರು ಕೊಟ್ಟ ಪಟ್ಟಿಯನ್ನು ನನಗೆ ಕಳಿಸಿ, "ಅಣ್ಣಾ, ಇದನ್ನ ಕನ್ನಡದಲ್ಲಿ ಬರೆದು ಕೊಡು, ಆಯಿಗೂ ಆಚಾರಿಗೂ ತೋರಿಸ್ಬೇಕು" ಅಂದಳು. ಬರೆಯಲು ಕೂತಾಗ ಮೊದಲ ಪದಕ್ಕೇ ಸಿಕ್ಕಿಬಿದ್ದೆ.

ಪಟ್ಟಿಯಲ್ಲಿ ಎಲ್ಲದಕ್ಕೂ 'ಸೌಂಡ್‌ಪ್ರೂಫ್' ಅಂತಲೇ ಇದೆ. 'ಶಬ್ದನಿರೋಧಕ' ಎಂದು ಬರೆದರೂ ಗೊಂದಲ ಹೋಗುವುದಿಲ್ಲ. ಯಾಕೆಂದರೆ ಇಲ್ಲಿರುವುದು ಎರಡು ಬೇರೆ ಕೆಲಸ. ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದು ಒಂದು. ಕೋಣೆಯೊಳಗಿನ ಸದ್ದು ಗೋಡೆಗೆ ಬಡಿದು ವಾಪಸು ಬರದಂತೆ ಹೀರುವುದು ಇನ್ನೊಂದು. ಪಟ್ಟಿಯಲ್ಲಿರುವ ಎಸ್‌ಟಿಸಿ (ಸೌಂಡ್ ಟ್ರಾನ್ಸ್‌ಮಿಶನ್ ಕ್ಲಾಸ್) ತಡೆಯುವುದರ ಲೆಕ್ಕ, ಎನ್‌ಆರ್‌ಸಿ (ನಾಯ್ಸ್ ರಿಡಕ್ಷನ್ ಕೊಯೆಫಿಶಿಯೆಂಟ್) ಹೀರುವುದರ ಲೆಕ್ಕ. ಸ್ಪಂಜಿನಂಥ ಫೋಮ್ ಹಲಗೆಗೆ ಎನ್‌ಆರ್‌ಸಿ 0.85 ಅಂತ ಹಾಕಿರುತ್ತಾರೆ. ಹೀರುವ ವಿಷಯದಲ್ಲಿ ಅದು ಒಳ್ಳೆಯ ಅಂಕವೇ. ಆದರೆ ಅದನ್ನು ಗೋಡೆ ತುಂಬ ಅಂಟಿಸಿದರೂ ಲಾರಿಯ ಹಾರ್ನ್ ಆರಾಮಾಗಿ ಒಳಗೆ ಬರುತ್ತದೆ. ಹಗುರ ವಸ್ತು, ತಡೆಯುವ ತೂಕ ಅದಕ್ಕಿಲ್ಲ.

ಎನ್‌ಆರ್‌ಸಿ ಸುಲಭ. 250, 500, 1000, 2000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಕಂಪನದ ಸದ್ದಿನಲ್ಲಿ) ಅಳೆದ ಹೀರಿಕೆಯ ಸರಾಸರಿ ಅದು, ಸಾಮಾನ್ಯವಾಗಿ 0ಯಿಂದ 1ರೊಳಗೆ ಇರುತ್ತದೆ. ಎಸ್‌ಟಿಸಿಯೇ ಸ್ವಲ್ಪ ತಲೆನೋವು. 125ರಿಂದ 4000 ಹರ್ಟ್ಸ್‌ವರೆಗಿನ 16 ಕಂಪನ ಹಂತಗಳಲ್ಲಿ ಎಷ್ಟು ಸದ್ದು ನಿಂತಿತು ಎಂದು ಅಳೆದು, ಒಂದು ಮಾದರಿ ರೇಖೆಗೆ ಹೋಲಿಸಿ ಒಂದೇ ಅಂಕ ಕೊಡುತ್ತಾರೆ. ಸಾದಾ ಒಂಟಿ ಗಾಜಿನ ಕಿಟಕಿಗೆ 30ರೊಳಗೆ ಬರುತ್ತದೆ. ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ 50ರ ಆಸುಪಾಸು.

ಆಚಾರಿಯ ಪ್ರಶ್ನೆ: "50 ಅಂದ್ರೆ ಅರ್ಧ ಸದ್ದು ನಿಲ್ತದೆ, ಅಲ್ವಾ?" ಅಂಕ ಕಂಡರೆ ಶೇಕಡಾ ಅಂತಲೇ ಓದುತ್ತೇವೆ, ಅವರದೇನೂ ತಪ್ಪಿಲ್ಲ. ಆದರೆ ಇದು ಡೆಸಿಬೆಲ್ ಲೆಕ್ಕದ ಜಾತಿ, ಅಂಕ 10 ಏರಿದಾಗಲೆಲ್ಲ ದಾಟುವ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 30 ಅಂದರೆ ಸುಮಾರು ಸಾವಿರದಲ್ಲಿ ಒಂದು ಪಾಲು ಶಕ್ತಿ ಮಾತ್ರ ದಾಟಿತು ಅಂತ. 50 ಅಂದರೆ ಲಕ್ಷದಲ್ಲಿ ಒಂದು ಪಾಲು. ಕಿವಿಯ ಲೆಕ್ಕ ಮತ್ತೆ ಬೇರೆ: ಅಂಕ 10 ಹೆಚ್ಚಾದರೆ ಸದ್ದು ಹೆಚ್ಚುಕಮ್ಮಿ ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ಎಸ್‌ಟಿಸಿಯ 'ಕ್ಲಾಸ್'ಗೆ 'ದರ್ಜೆ' ಎಂಬ ಪದ ನನಗೆ ಒಪ್ಪಿಗೆಯಿಲ್ಲ, ಒಂದನೇ ದರ್ಜೆ ಎರಡನೇ ದರ್ಜೆ ಎಂದಂತಾಗುತ್ತದೆ. 'ಪ್ರಮಾಣ' ಅಂದರೆ ಮತ್ತೆ ಶೇಕಡಾವೇ ನೆನಪಾಗುತ್ತದೆ. ಸದ್ಯಕ್ಕೆ 'ತಡೆ ಅಂಕ', 'ಹೀರಿಕೆ ಅಂಕ' ಅಂತ ಬರೆದಿದ್ದೇನೆ.

ಇನ್ನೊಂದು ತೊಡಕು. ಒಂದು ಕಿಟಕಿಗೆ 'ಆರ್‌ಡಬ್ಲ್ಯೂ 40 (-1, -5)' ಎಂದಿದೆ. ಆರ್‌ಡಬ್ಲ್ಯೂ ಎಂಬುದು ಐಎಸ್ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಪದ್ಧತಿಯ ತಡೆ ಅಂಕ. ಆವರಣದಲ್ಲಿರುವುದು ಕಳೆಯಬೇಕಾದ ಅಂಕ. ಮೊದಲನೆಯದು ಮಾತುಕತೆ, ಟಿವಿಯಂಥ ಸದ್ದಿಗೆ. ಎರಡನೆಯದು ಊರೊಳಗಿನ ವಾಹನಗಳ ಗುಡುಗುಡು ಸದ್ದಿಗೆ. ಅಂದರೆ ಗೇರ್ ಬದಲಿಸುತ್ತ ಪೇಟೆ ದಾಟುವ ಲಾರಿಗೆ ಈ ಕಿಟಕಿ 40 ಅಲ್ಲ, 35. ಅಂಗಡಿಯವರು ಹೇಳುವುದು ಮಾತ್ರ 40. ಇದಕ್ಕೆ 'ಕಳೆಯಂಕ' ಅನ್ನಬಹುದಾ? ಅಥವಾ 'ತಿದ್ದುಪಡಿ' ಸಾಕಾ?

ಅಂದಹಾಗೆ, ಯಾವ ಅಂಕದ ಕಿಟಕಿಯಾದರೂ ಸಂದಿ ಬಿಟ್ಟರೆ ಕೆಟ್ಟಿತು. ಗೋಡೆಯ ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೆ 50ರ ಗೋಡೆಯೂ 20ಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಚಿರೇಕಲ್ಲಿನ ಗೋಡೆ ದಪ್ಪ, ಭಾರ, ಅದರ ಚಿಂತೆ ಬೇಡ. ಆದರೆ ಮೇಲೆ ಬರೀ ಹಂಚಿನ ಮಾಡು ಇದ್ದರೆ ದುಬಾರಿ ಕಿಟಕಿ ಹಾಕಿಸುವುದು ಸುಮ್ನೆ ದಂಡ, ಸದ್ದು ಹಂಚಿನ ಸಂದಿಯಿಂದ ಇಳಿಯುತ್ತದೆ. ತಂಗಿಯ ಮನೆಗೆ ತಾರಸಿ ಇದೆ, ಬಚಾವ್.

ಉಳಿದದ್ದು ಐಐಸಿ (ಇಂಪ್ಯಾಕ್ಟ್ ಇನ್ಸುಲೇಶನ್ ಕ್ಲಾಸ್). ಮಹಡಿಯಲ್ಲಿ ಓಡಾಡುವ ಹೆಜ್ಜೆ, ಕುರ್ಚಿ ಎಳೆಯುವುದು ಇವುಗಳ ಸದ್ದನ್ನು ನೆಲ ಎಷ್ಟು ತಡೆಯುತ್ತದೆ ಎಂಬ ಅಂಕ. 'ಬಡಿತ ತಡೆ ಅಂಕ' ಅಂದರೆ ಎದೆಬಡಿತ ಅಂದುಕೊಂಡಾರು ಎಂಬ ಭಯ. 'ಹೆಜ್ಜೆಸದ್ದಿನ ಅಂಕ' ಹೇಗಿದೆ? ಕಟ್ಟಡ ಕೆಲಸದವರ ಬಾಯಲ್ಲಿ ಇವಕ್ಕೆ ಬೇರೆ ಪದ ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ. ಕಿಟಕಿಯ ಸಂದಿಗೆ ಕೂರಿಸುವ ರಬ್ಬರ್ ಪಟ್ಟಿಗೂ ಒಂದು ಹೆಸರು ಬೇಕು, ಆಚಾರಿ 'ಬೀಡಿಂಗ್' ಅಂತಾರೆ, ಅಂಗಡಿಯವರು 'ಗ್ಯಾಸ್ಕೆಟ್' ಅಂತಾರೆ.