ಕಾಫಿ ತೋಟದಲ್ಲಿ ಅಡಿಕೆ ಟೂತ್‌ಪೇಸ್ಟ್ ಮುಚ್ಚಳ! ಯಾರಿಗಾದ್ರೂ ಗೊತ್ತಾ?

ಮೂಡಿಗೆರೆ ಹುಡುಗ:
ಹಳೇ ದೊರೆ ಬಂಗಲೆ ಹಿಂದೆ ಮಳೆನೀರು ಇಂಗಲಿ ಅಂತ ತೊಟ್ಟಿಲು ಗುಂಡಿ ತೆಗೆಯುವಾಗ ಒಂದು ಬಿಳಿ ಪಿಂಗಾಣಿ ಮುಚ್ಚಳ ಸಿಕ್ಕಿದೆ. ಮೇಲೆ ಕಪ್ಪು ಇಂಗ್ಲಿಷ್ ಅಕ್ಷರದಲ್ಲಿ ‘ಅರೆಕಾ ನಟ್ ಟೂತ್ ಪೇಸ್ಟ್, ಲಂಡನ್’ ಅಂತಿದೆ. ಅಡಿಕೆ ಹಾಕಿದ್ರೆ ಹಲ್ಲು ಕೆಂಪಾಗುತ್ತೆ, ಇವರು ಅದರಲ್ಲೇ ಉಜ್ಜುತ್ತಿದ್ರಾ? ಜೊತೆಗೆ ಮೂಳೆ ಥರದ ಕಡ್ಡಿ, ಒಂದು ತುದಿಯಲ್ಲಿ ಸಾಲು ಸಾಲು ತೂತು. ಎಷ್ಟು ಹಳೇದಿರಬಹುದು?

ಹಾಸನ್ ಹಳೇ ಸಾಮಾನು:
ಉಜ್ಜುತ್ತಿದ್ದರು ಸ್ವಾಮಿ. ಅಡಿಕೆ ಸುಟ್ಟ ಇದ್ದಿಲು ಹಲ್ಲುಪುಡಿಗೆ ಒಳ್ಳೇದು ಅಂತ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ನಂಬಿಕೆಯಿತ್ತು, ಅಲ್ಲಿನ ಔಷಧಿ ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಇಂಥ ಡಬ್ಬಿ ಮಾರುತ್ತಿದ್ದರು. ಜಾನ್ ಗಾಸ್ನೆಲ್ ಕಂಪನಿಯ ಚೆರ್ರಿ ಪೇಸ್ಟ್ ಮುಚ್ಚಳದ ಮೇಲಂತೂ ರಾಣಿಯ ಚಿತ್ರವೇ ಇತ್ತು. ಕೋಲ್ಗೇಟ್ ಟ್ಯೂಬ್ ಬಂದದ್ದು 1896ರಲ್ಲಿ, ಆಮೇಲೂ ಸ್ವಲ್ಪ ಕಾಲ ಡಬ್ಬಿ ನಡೆದಿತ್ತು, ಹಾಗಾಗಿ ಮುಚ್ಚಳ ಒಂದನ್ನೇ ನೋಡಿ ವರ್ಷ ಹೇಳಕ್ಕಾಗಲ್ಲ. ಕಡ್ಡಿ ಬ್ರಷ್ಷೇ. ದನದ ಮೂಳೆ, ಹಂದಿ ಕೂದಲು. ಹಿಂಬದಿ ಉದ್ದಕ್ಕೆ ಗೀರಿದೆಯಾ ನೋಡಿ, ಅದರೊಳಗೆ ತಂತಿ ಎಳೆದು ಕೂದಲು ಕಟ್ಟುತ್ತಿದ್ದರು. ನೈಲಾನ್ ಬಂದದ್ದು 1938ಕ್ಕೆ.

ಸಕಲೇಶಪುರದ ಅಕ್ಕ:
ಅದು ಬಂಗಲೆಯ ತಿಪ್ಪೆ ಇರಬೇಕು. ಆದ್ರೆ ತಿಪ್ಪೆ ನೋಡಿ ಸಾಹೇಬರು ಮಾತ್ರ ಹಲ್ಲು ಉಜ್ಜುತ್ತಿದ್ರು ಅಂತ ತಿಳ್ಕೋಬೇಡಪ್ಪ. ಲೈನ್ ಮನೆಯಲ್ಲಿದ್ದ ತೋಟದ ಕೂಲಿಯವರು ಇದ್ದಿಲು, ಉಪ್ಪು, ಬೇವಿನ ಕಡ್ಡಿಯಲ್ಲಿ ಉಜ್ಜಿ ಉಗಿದರೆ ಅಲ್ಲಿಗೆ ಮುಗೀತು, ಮಣ್ಣಲ್ಲಿ ಏನು ಸಿಗುತ್ತೆ? ದುಡ್ಡು ಕೊಟ್ಟು ತಂದದ್ದರ ಡಬ್ಬಿ ಮಾತ್ರ ಉಳಿಯುತ್ತೆ. ನಂಜನಗೂಡು ಹಲ್ಲುಪುಡಿ ಬಂದದ್ದೂ ಆಮೇಲೆ, ಅದನ್ನು ಮಾಡಿದ ಸದ್ವೈದ್ಯಶಾಲೆ ಶುರುವಾದದ್ದೇ 1913ರಲ್ಲಿ.

ಕೊಪ್ಪದ ಕೊನೆಗಾರ:
ಆಗ ಲಂಡನ್ನಿನಲ್ಲಿ ಅಡಿಕೆ ರೇಟ್ ಎಷ್ಟಿತ್ತೋ ಯಾರಾದ್ರೂ ಹೇಳ್ರಪ್ಪ 😄

ಮೂಡಿಗೆರೆ ಹುಡುಗ:
ಗೀರು ಇದೆ ಸಾರ್! ಇವತ್ತು ಅದೇ ಗುಂಡಿಯಲ್ಲಿ ಒಂದು ಕಡು ನೀಲಿ ಬಾಟಲಿ ಸಿಕ್ತು, ಮೈಮೇಲೆ ಉದ್ದುದ್ದ ಗೆರೆ, ಕೈಗೆ ತರಿ ತರಿ ಆಗುತ್ತೆ.

ಹಾಸನ್ ಹಳೇ ಸಾಮಾನು:
ಬಿರಡೆ ಇದ್ರೆ ಬಿಚ್ಚಬೇಡಿ. ವಿಷದ ಬಾಟಲಿ ಇರಬಹುದು, ಕತ್ತಲಲ್ಲಿ ಕೈಗೆ ಸಿಕ್ಕರೂ ಗೊತ್ತಾಗಲಿ ಅಂತ ಆಗ ಹಾಗೆ ಗೆರೆ ಹಾಕುತ್ತಿದ್ದರು. ಕೈ ತೊಳ್ಕೊಳ್ಳಿ. ಇನ್ನೇನಾದ್ರೂ ಸಿಕ್ಕರೆ ಎತ್ತುವ ಮೊದಲು ಗುಂಡಿಯಲ್ಲೇ ಒಂದು ಫೋಟೋ ತೆಗೀರಿ, ಯಾವುದರ ಪಕ್ಕ ಯಾವುದಿತ್ತು ಅಂತ ಆಮೇಲೆ ನೆನಪಿರಲ್ಲ.