ಹಳೆ ಆರು ಸಿಲಿಂಡರ್ ಎಳೆತ, ಹೊಸ 250 ಎಚ್‌ಪಿ: ಯಾವುದನ್ನು ನಂಬೋಣ?

ಪ್ರಶ್ನೆ (ಗಂಗಾವತಿಯ ಲಾರಿ ಮಾಲೀಕರು):
ಅಣ್ಣಾರೆ, ನಮಸ್ಕಾರ. ನಮ್ಮದು ಅಕ್ಕಿ ಲೋಡು. ಗಂಗಾವತಿ ಮಿಲ್ಲಿನಿಂದ ಬೆಂಗಳೂರಿಗೆ ಹೋಗುತ್ತದೆ, ಕೆಲವು ಸಲ ಅರಬೈಲ್ ಘಾಟಿ ಇಳಿದು ಅಂಕೋಲಾ ಕಡೆಗೆ. ಗಾಡಿ ಹಳೆ ಟಾಟಾ 1613, 697 ಎಂಜಿನ್, ಆರು ಸಿಲಿಂಡರ್. ನಿಧಾನಕ್ಕೆ ತಿರುಗುತ್ತದೆ, ಆದರೆ ಎಳೆತ ಬಿಡುವುದಿಲ್ಲ. ಮಗ ಇದನ್ನು ಮಾರಿ 250 ಎಚ್‌ಪಿಯ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ತರೋಣ ಅಂತಾನೆ. ಎಚ್‌ಪಿ ಜಾಸ್ತಿ ಅಂದರೆ ಎಂಜಿನ್ ಜಾಸ್ತಿ ತಿರುಗಬೇಕು, ಬೇಗ ಸವೆಯುತ್ತದೆ, ಅಲ್ವಾ? ನನಗೆ ಧೈರ್ಯ ಬರುತ್ತಿಲ್ಲ.

ಉತ್ತರ (ಬಳ್ಳಾರಿಯ ಡೀಸೆಲ್ ಮೆಕ್ಯಾನಿಕ್):
ನಮಸ್ಕಾರ ಯಜಮಾನರೆ. ಈ ಮಾತನ್ನು ಗ್ಯಾರೇಜಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಿಮ್ಮ ಅನುಭವ ಸುಳ್ಳಲ್ಲ. ಆದರೆ ಲೆಕ್ಕ ಉಲ್ಟಾ ಇದೆ.

ನಿಮ್ಮ 697 ತನ್ನ ಪೂರ್ತಿ ಶಕ್ತಿ ಕೊಡುವುದು 2,400ರಿಂದ 2,800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ನಡುವೆ, ಯಾವ ಮಾಡೆಲ್ ಅನ್ನುವುದರ ಮೇಲೆ. ಮಗ ನೋಡಿರುವ 250 ಎಚ್‌ಪಿ ಎಂಜಿನ್ ಬಹುಶಃ 6.7 ಲೀಟರಿನ ಕಮಿನ್ಸ್ ಇರಬೇಕು. ಅದು ಪೂರ್ತಿ ಶಕ್ತಿ ಕೊಡುವುದು 2,300ಕ್ಕೆ. ಅಂದರೆ ಜಾಸ್ತಿ ತಿರುಗಬೇಕಾದ್ದು ಹೊಸದಲ್ಲ, ಹಳೆಯದು. ಹೊಸದೂ ಸಾಲಿನಲ್ಲಿ ನಿಂತ ಆರು ಸಿಲಿಂಡರೇ. ನಿಮ್ಮ ಎಂಜಿನ್ನಿನ ಜಾತಿಯದೇ, ಬೇರೆ ಕುಲ ಅಲ್ಲ.

ಎಳೆತ ಅಂತ ನಾವು ಕರೆಯುವುದು ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ, 7,000ದಿಂದ ಭಾಗಿಸಿ. ಹೆಚ್ಚುಕಡಿಮೆ ಎಚ್‌ಪಿ ಸಿಗುತ್ತದೆ. ಆ ಹೊಸ ಎಂಜಿನ್ 1,000 ಆರ್‌ಪಿಎಂನಿಂದ 1,800ರವರೆಗೂ 950 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಈಗ 950 ಗುಣಿಸು 1,000, ಭಾಗಿಸು 7,000. ಸುಮಾರು 135. ನಿಮ್ಮ ಗಾಡಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿಕೊಂಡು ಕೂಗುತ್ತಾ ಕೊಡುವ 130 ಎಚ್‌ಪಿಯನ್ನು ಇದು 1,000 ಆರ್‌ಪಿಎಂನಲ್ಲೇ ಕೊಡುತ್ತದೆ. 1,800ಕ್ಕೆ ಬಂದರೆ 240 ದಾಟುತ್ತದೆ.

ಇಷ್ಟು ಎಳೆತ ಬಂದದ್ದು ಗಾಳಿಯಿಂದ. 697 ಅಂದರೆ 5.7 ಲೀಟರ್, ಬೋರ್ (ಸಿಲಿಂಡರಿನ ಅಗಲ) 97 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 128. ಟರ್ಬೊ ಇಲ್ಲದ 697 ತಾನೇ ಎಳೆದುಕೊಂಡಷ್ಟು ಗಾಳಿಯಲ್ಲೇ ಕೆಲಸ ಮಾಡುತ್ತಿತ್ತು. ಹೊಸದರಲ್ಲಿ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಇಂಟರ್‌ಕೂಲರ್ ಅದನ್ನು ತಣ್ಣಗೆ ಮಾಡುತ್ತದೆ, ಕಾಮನ್ ರೈಲ್ ಡೀಸೆಲನ್ನು ಮಂಜಿನ ಹಾಗೆ ಬಿಡುತ್ತದೆ. ಅಳತೆ ಒಂದು ಲೀಟರ್ ಹೆಚ್ಚಿದೆ, ಎಳೆತ ಎರಡು ಪಟ್ಟಿಗಿಂತ ಹೆಚ್ಚಿದೆ.

ಆದರೆ ನಿಮ್ಮ ಮಗನಿಗೂ ಒಂದು ಮಾತು ಹೇಳಬೇಕು. 1613 ಅನ್ನುವ ಹೆಸರಲ್ಲೇ ಲೆಕ್ಕ ಇದೆ: 16 ಟನ್, 130 ಎಚ್‌ಪಿ. ಟನ್ನಿಗೆ 8 ಎಚ್‌ಪಿ ಬಿತ್ತು. 250 ಎಚ್‌ಪಿಯ ಹದಿನಾರು ಚಕ್ರದ 4825 ಅಂದರೆ 48 ಟನ್. ಟನ್ನಿಗೆ 5 ಚಿಲ್ಲರೆ. ಪೂರ್ತಿ ಲೋಡಿನಲ್ಲಿ ಏರು ಹತ್ತುವಾಗ ಆ 250 ಹಾರಿಕೊಂಡು ಹೋಗುತ್ತದೆ ಅಂದುಕೊಂಡರೆ ಬೇಜಾರಾಗುತ್ತದೆ. ಎಚ್‌ಪಿಯನ್ನು ಒಂಟಿಯಾಗಿ ನೋಡಬೇಡಿ, ಲೋಡಿನ ಜೊತೆ ನೋಡಿ. ನಿಮ್ಮ ಅಕ್ಕಿಗೆ ಹದಿನಾರು ಚಕ್ರ ಬೇಕಾ, ಆರು ಚಕ್ರ ಸಾಕಾ ಅನ್ನುವುದು ಮೊದಲು ತೀರ್ಮಾನ ಆಗಲಿ. ಈಗ 19 ಟನ್ನಿನ ಆರು ಚಕ್ರದ ಗಾಡಿಗೆ 5 ಲೀಟರ್, ನಾಲ್ಕು ಸಿಲಿಂಡರ್, 180 ಎಚ್‌ಪಿ ಎಂಜಿನ್ ಬರುತ್ತದೆ. ಟನ್ನಿಗೆ 9 ದಾಟುತ್ತದೆ. ಘಾಟಿಯಲ್ಲಿ ಅದೇ ಮುಂದೆ ಹೋಗುತ್ತದೆ.

ಪ್ರಶ್ನೆ (ತೋರಣಗಲ್ಲಿನ ಚಾಲಕ):
ಅಣ್ಣಾ, ನನಗೆ ಗಾಡಿ ಕಲಿಸಿದವರು "ಏರಿನಲ್ಲಿ ಎಂಜಿನ್ ಅಳಬಾರದು, ಗೇರ್ ಇಳಿಸು" ಅಂತಿದ್ದರು. ಈಗಿನ ಗಾಡಿಯಲ್ಲಿ 1,200ರಲ್ಲೇ ಹತ್ತು ಅಂತಾರೆ. ಯಾವುದು ಸರಿ?

ಉತ್ತರ:
ಎರಡೂ ಸರಿ ತಮ್ಮಾ, ಗಾಡಿ ಬೇರೆ ಬೇರೆ. ಆರ್‌ಪಿಎಂ ಮೀಟರಿನಲ್ಲಿ ಹಸಿರು ಪಟ್ಟಿ ನೋಡು. ಸೂಜಿ ಅದರೊಳಗೆ ಇರುವವರೆಗೆ ಗೇರ್ ಮುಟ್ಟಬೇಡ. 1,200ರಲ್ಲಿ ಹೊಸ ಎಂಜಿನ್ ಅಳುವುದಿಲ್ಲ, ದನಿ ಮಾತ್ರ ದಪ್ಪ ಆಗುತ್ತದೆ. ಆ ದನಿಗೆ ಹೆದರಿ ಗೇರ್ ಇಳಿಸಿ 2,200ಕ್ಕೆ ಕೂಗಿಸಿದರೆ ಡೀಸೆಲ್ ಸುಮ್ನೆ ಹೋಗುತ್ತದೆ. ಆದರೆ 1,000ಕ್ಕಿಂತ ಕೆಳಗೆ ಪೂರ್ತಿ ಲೋಡಿನಲ್ಲಿ ಒತ್ತಿ ಹಿಡಿಯಬೇಡ. ಅಲ್ಲಿ ಆಯಿಲ್ ಒತ್ತಡ ಕಡಿಮೆ, ಪಿಸ್ಟನ್ ಮೇಲೆ ಬೀಳುವ ಹೊಡೆತ ಜಾಸ್ತಿ. ಬೇರಿಂಗ್ ತಿನ್ನುವುದು ಅಲ್ಲೇ.

ಇಳಿಯುವಾಗ ಇದರ ಉಲ್ಟಾ. ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವುದು) ಹಿಡಿಯಬೇಕಾದರೆ ಎಂಜಿನ್ ಚೆನ್ನಾಗಿ ತಿರುಗುತ್ತಿರಬೇಕು. ಅರಬೈಲಿನಲ್ಲಿ ಇಳಿಯುವ ಮುಂಚೆಯೇ ಗೇರ್ ಇಳಿಸಿಕೋ. ಕೆಂಪು ಗೆರೆ ಮಾತ್ರ ದಾಟಿಸಬೇಡ.

ಪ್ರಶ್ನೆ (ಕೊಪ್ಪಳದ ಐಟಿಐ ವಿದ್ಯಾರ್ಥಿ):
ಸರ್, ಲಾರಿಗೆ ಆರು ಸಿಲಿಂಡರ್ ಸಾಲಾಗಿಯೇ ಯಾಕೆ ಇಡುತ್ತಾರೆ? ನಾಲ್ಕರಲ್ಲೇ 180 ಎಚ್‌ಪಿ ಬರುವುದಾದರೆ ಆರು ಯಾಕೆ ಬೇಕು?

ಉತ್ತರ:
ಒಳ್ಳೆ ಪ್ರಶ್ನೆ ಕೇಳಿದ್ದೀಯ. ನಾಲ್ಕು ಸ್ಟ್ರೋಕಿಗೆ ಕ್ರ್ಯಾಂಕ್ ಎರಡು ಸುತ್ತು ಅಂದರೆ 720 ಡಿಗ್ರಿ ತಿರುಗುತ್ತದೆ. ಆರರಿಂದ ಭಾಗಿಸಿದರೆ 120. ಪ್ರತಿ 120 ಡಿಗ್ರಿಗೆ ಒಂದು ಸಿಲಿಂಡರ್ ಹೊಡೆಯುತ್ತದೆ. ಒಂದರ ಹೊಡೆತ ಮುಗಿಯುವ ಮುಂಚೆ ಇನ್ನೊಂದು ಶುರುವಾಗಿರುತ್ತದೆ. ನಾಲ್ಕರಲ್ಲಿ ಆ ಅಂತರ 180 ಡಿಗ್ರಿ. ಅದಕ್ಕೇ ನಾಲ್ಕು ಸಿಲಿಂಡರ್ ಗಾಡಿ ಐಡಲಿನಲ್ಲಿ ಕ್ಯಾಬಿನ್ ಅಲ್ಲಾಡಿಸುತ್ತದೆ. ಇನ್ನೊಂದು, ಆರರಲ್ಲಿ ಪಿಸ್ಟನ್‌ಗಳು ಜೋಡಿಯಾಗಿ ಏರಿಳಿಯುತ್ತವೆ: 1 ಮತ್ತು 6, 2 ಮತ್ತು 5, 3 ಮತ್ತು 4. ಒಂದು ಜೋಡಿಯ ತೂಕದ ಎಳೆತವನ್ನು ಉಳಿದ ಎರಡು ಜೋಡಿ ಹೊಡೆದುಹಾಕುತ್ತವೆ. ಅಲುಗಾಟ ತಡೆಯುವ ಬ್ಯಾಲೆನ್ಸರ್ ಶಾಫ್ಟ್ ಬೇಕಾಗುವುದಿಲ್ಲ. ಕ್ರ್ಯಾಂಕನ್ನು ಏಳು ಮೇನ್ ಬೇರಿಂಗ್ ಹಿಡಿದಿರುತ್ತವೆ, ಪ್ರತಿ ಸಿಲಿಂಡರಿನ ಎರಡೂ ಪಕ್ಕ ಒಂದೊಂದು.

ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಟ್ಯಾಪೆಟ್ ಇಡುವಾಗ, ಅಂದರೆ ವಾಲ್ವಿನ ಸಂದಿ ಹೊಂದಿಸುವಾಗ ನೋಡು. ಫೈರಿಂಗ್ ಆರ್ಡರ್ (ಸಿಲಿಂಡರ್ ಹೊಡೆಯುವ ಸರದಿ) 1-5-3-6-2-4. ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸು. ಆರನೇದರ ಎರಡೂ ವಾಲ್ವ್ ಒಟ್ಟಿಗೆ ಅಲುಗಾಡಿದ ಕ್ಷಣಕ್ಕೆ ಒಂದನೇದರ ರಾಕರ್ ಎರಡು ಬೆರಳಲ್ಲಿ ಹಿಡಿದು ಆಡಿಸು, ಸಡಿಲ ಇರುತ್ತದೆ. ಅಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕು. ಹಳೆ 5.9 ಕಮಿನ್ಸಿಗೆ ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿಲಿಮೀಟರ್. ಗೇಜ್ ಬೆಣ್ಣೆಯಲ್ಲಿ ಚಾಕು ಎಳೆದಂತೆ ಸ್ವಲ್ಪ ಹಿಡಿದು ಬರಬೇಕು. ನಂತರ 120 ಡಿಗ್ರಿ ತಿರುಗಿಸಿದರೆ ಐದನೇದು ಸಿದ್ಧವಾಗಿರುತ್ತದೆ. ಆ ಲಯ ಒಮ್ಮೆ ಕೈಗೆ ಹತ್ತಿದರೆ ಆರು ಸಿಲಿಂಡರ್ ಯಾಕೆ ಅಂತ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಶನಿವಾರ ಬಾ, ನನ್ನ ಹತ್ತಿರ ಬಿಚ್ಚಿದ ಎಂಜಿನ್ ಇದೆ, ತೋರಿಸುತ್ತೇನೆ.

ಪ್ರಶ್ನೆ (ಸಂಡೂರಿನ ಟಿಪ್ಪರ್ ಮಾಲೀಕರು):
ಲೆಕ್ಕ ಎಲ್ಲ ಸರಿ ಸರ್. ನನ್ನ ಬಿಎಸ್6 ಟಿಪ್ಪರ್ ಗಣಿಯಿಂದ ಯಾರ್ಡಿಗೆ ಹತ್ತಾರು ಟ್ರಿಪ್ ಹೊಡೆಯುತ್ತದೆ. ತಿಂಗಳಿಗೆ ಎರಡು ಸಲ ಲೈಟ್ ಹತ್ತಿ ಎಳೆತ ಸತ್ತುಹೋಗುತ್ತದೆ. ಹಳೆಯದರಲ್ಲಿ ಈ ಕಾಟ ಇರಲಿಲ್ಲ. ಇನ್ನೊಂದು, ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಬದಲು ಗೊಬ್ಬರದ ಯೂರಿಯಾ ಕರಗಿಸಿ ಹಾಕಬಹುದು ಅಂತ ಒಬ್ಬರು ಹೇಳಿದರು. ನಿಜವಾ?

ಉತ್ತರ:
ಮೊದಲು ಯೂರಿಯಾ ಮಾತು. ದಯವಿಟ್ಟು ಹಾಕಬೇಡಿ. ಡಿಇಎಫ್ ಅಂದರೆ ಶುದ್ಧ ಮಾಡಿದ ನೀರಿನಲ್ಲಿ 32.5% ಶುದ್ಧ ಯೂರಿಯಾ. ಗೊಬ್ಬರದ ಯೂರಿಯಾ ಆ ಕೆಲಸಕ್ಕೆ ಮಾಡಿದ್ದಲ್ಲ, ಅದರಲ್ಲಿ ಬೇರೆ ಅಂಶಗಳಿರುತ್ತವೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಇರುತ್ತದೆ. ಎರಡೂ ಸೇರಿ ಡೋಸಿಂಗ್ ನೋಝಲ್ ಮುಚ್ಚುತ್ತವೆ, ಕ್ಯಾಟಲಿಸ್ಟ್ ಸಾಯುತ್ತದೆ. ಅಂಥ ಒಂದು ನೋಝಲ್ ನನ್ನ ಮೇಜಿನ ಮೇಲಿದೆ. ತುದಿಯಲ್ಲಿ ಬಿಳಿ ಕಲ್ಲಿನಂತೆ ಕಟ್ಟಿದೆ, ಸೂಜಿಯಿಂದ ಕೆರೆದರೂ ಹೋಗಲಿಲ್ಲ. ಕ್ಯಾನನ್ನು ಬಿಸಿಲಿನಲ್ಲೂ ಇಡಬೇಡಿ. 35 ಡಿಗ್ರಿಯ ಬಿಸಿಯಲ್ಲೇ ಅದರ ಆಯಸ್ಸು ಸುಮಾರು ಆರು ತಿಂಗಳಿಗೆ ಇಳಿಯುತ್ತದೆ, ನಮ್ಮ ಬೇಸಿಗೆ 40 ದಾಟುತ್ತದೆ.

ಇನ್ನು ಲೈಟು. ನಿಮ್ಮ ಸಿಟ್ಟು ನ್ಯಾಯವಾದದ್ದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅಂತ. ಒಳಗಿನ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಹೆದ್ದಾರಿಯಲ್ಲಿ ಲೋಡು ಹೊತ್ತು ಓಡುವ ಗಾಡಿಗೆ ಅದು ತಾನಾಗಿಯೇ ಆಗುತ್ತದೆ. ಲೋಡಿಂಗಿಗೆ ಅರ್ಧ ಗಂಟೆ ಐಡಲಿನಲ್ಲಿ ನಿಂತು, ಎರಡು ಮೂರು ಕಿಲೋಮೀಟರ್ ಹೋಗಿ ಬರುವ ನಿಮ್ಮ ಟಿಪ್ಪರಿಗೆ ಆಗುವುದಿಲ್ಲ. ಮಸಿ ತುಂಬಿದರೆ ಕಂಪ್ಯೂಟರ್ ಎಳೆತ ಕಟ್ ಮಾಡುತ್ತದೆ. ಲೋಡಿಂಗಿನಲ್ಲಿ ಎಂಜಿನ್ ಆಫ್ ಮಾಡಿಸಿ. ರೀಜನ್ ಸ್ವಿಚ್ (ಮಸಿ ಸುಡಿಸುವ ಗುಂಡಿ) ಇದ್ದರೆ ಲೈಟ್ ಮೊದಲ ಸಲ ಹತ್ತಿದಾಗಲೇ ಒತ್ತಿ, ಪಕ್ಕದಲ್ಲಿ ಒಣ ಹುಲ್ಲು ಇಲ್ಲದ ಕಡೆ ನಿಲ್ಲಿಸಿ. ಆಯಿಲ್ ಸಿಕೆ-4 ದರ್ಜೆಯದೇ ಇರಲಿ. ಅದರಲ್ಲಿ ಬೂದಿ ಕಡಿಮೆ, ಮತ್ತು ಬೂದಿಯನ್ನು ಯಾವ ರೀಜನ್ನೂ ಸುಡುವುದಿಲ್ಲ.

ಧೂಳಿನ ಮಾತು ಬೇರೆ, ಅದು ಹಳೆಯದಕ್ಕೂ ಹೊಸದಕ್ಕೂ ಶತ್ರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ ಅದಿರು ಲಾರಿಗಳು ಬೇಲೆಕೇರಿ ಬಂದರಿನವರೆಗೆ ಸಾಲುಗಟ್ಟಿ ಹೋಗುತ್ತಿದ್ದವು. ಆಗ ನನ್ನ ಹತ್ತಿರ ಬಂದ ಎಂಜಿನ್‌ಗಳಲ್ಲಿ ಮೊದಲು ನಾನು ಮಾಡುತ್ತಿದ್ದ ಕೆಲಸ ಒಂದೇ: ಏರ್ ಕ್ಲೀನರಿನಿಂದ ಎಂಜಿನ್ ಕಡೆ ಹೋಗುವ ಹೋಸ್ ಬಿಚ್ಚಿ ಒಳಗೆ ಬೆರಳು ಹಾಕುವುದು. ಬೆರಳು ಕೆಂಪಾಗಿ ಬಂದರೆ ಪಿಸ್ಟನ್ ರಿಂಗ್ ಹೋಗಿದೆ ಅಂತ ಬಿಚ್ಚುವ ಮುಂಚೆಯೇ ಗೊತ್ತಾಗುತ್ತಿತ್ತು. ಈಗಲೂ ಅದನ್ನೇ ಮಾಡುತ್ತೇನೆ. ಕ್ಲಾಂಪ್ ಬಿಗಿ ನೋಡಿ. ಫಿಲ್ಟರನ್ನು ನೆಲಕ್ಕೆ ಬಡಿದು ಮತ್ತೆ ಹಾಕುವುದನ್ನು ಕ್ಲೀನರ್ ಹುಡುಗನಿಗೆ ಬಿಡಿಸಿ.

ಪ್ರಶ್ನೆ (ರಾಯಚೂರಿನಿಂದ):
ಹಳೆ ಎಂಜಿನ್ನಿನ ಡೀಸೆಲ್ ಪಂಪ್ ಸೆಟ್ಟಿಂಗ್ ಏರಿಸಿದರೆ ಎಚ್‌ಪಿ ಜಾಸ್ತಿ ಆಗುತ್ತದಲ್ವಾ?

ಉತ್ತರ:
ಹೊಗೆ ಜಾಸ್ತಿ ಆಗುತ್ತದೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಏರಿಸಿದರೆ ಉರಿಯದೆ ಕಪ್ಪಾಗಿ ಹೋಗುತ್ತದೆ, ಬಿಸಿ ಏರಿ ಹೆಡ್ ಬಿರುಕು ಬಿಡುತ್ತದೆ. ಮಾಡಿಸಬೇಡಿ.

ಮರುಪ್ರಶ್ನೆ (ಗಂಗಾವತಿಯ ಮಾಲೀಕರು):
ಅಣ್ಣಾರೆ, ಎಲ್ಲ ಓದಿದೆ. ಮಗನೂ ಓದಿದ. ಕೊನೆಗೆ ನಾನು ಏನು ಮಾಡಲಿ?

ಉತ್ತರ:
ನಿಮ್ಮದು ದೂರದ ಓಟ, ಹೆದ್ದಾರಿ. ಡಿಪಿಎಫ್ ಕಾಟ ನಿಮಗೆ ಅಷ್ಟಾಗಿ ಬರುವುದಿಲ್ಲ. ತಿಂಗಳಿಗೆ ಏಳೆಂಟು ಸಾವಿರ ಕಿಲೋಮೀಟರ್ ಓಡಿಸುವ ಲೋಡು ಕೈಯಲ್ಲಿದ್ದರೆ ಹೊಸದು ತನ್ನಿ. ಮಗನ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಒಂದು ಒಪ್ಪಂದ ಮಾಡಿಕೊಳ್ಳಿ. ಹಳೆಯದಕ್ಕೆ ಸಿಕ್ಕ ಆಯಿಲ್, ಬೋರ್‌ವೆಲ್ ನೀರು ಹಾಕಿ ಓಡಿಸಿದ ಹಾಗೆ ಇದನ್ನು ಓಡಿಸಲು ಬರುವುದಿಲ್ಲ. 697ರಲ್ಲಿ ಲೈನರ್ (ಸಿಲಿಂಡರಿನ ಒಳಗಿನ ಕೊಳವೆ) ತೆಗೆದು ಬೇರೆ ಹಾಕಿ ಎದ್ದು ನಿಲ್ಲಿಸುತ್ತಿದ್ದೆವು. ಆ 6.7ರಲ್ಲಿ ಲೈನರೇ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನಲ್ಲೇ ಓಡುತ್ತದೆ. ಬೋರ್ ಕೆಟ್ಟರೆ ಬ್ಲಾಕನ್ನೇ ಮಷೀನಿಗೆ ಕಳಿಸಬೇಕು. ಇಂಜೆಕ್ಟರ್ ಹೋದರೆ ದಾರಿ ಬದಿಯಲ್ಲಿ ಸ್ಪ್ಯಾನರ್ ಹಿಡಿದು ಸರಿ ಮಾಡುವಂಥದ್ದಲ್ಲ. ಡೀಸೆಲ್ ಫಿಲ್ಟರಿನ ನೀರನ್ನು ದಿನಾ ಬೆಳಿಗ್ಗೆ ಬಿಡುವ ಡ್ರೈವರ್ ಇದ್ದಾನಾ ನೋಡಿಕೊಳ್ಳಿ.

ಓಟ ಅಷ್ಟು ಇಲ್ಲ, ಸುಗ್ಗಿಯಲ್ಲಿ ಮಾತ್ರ ಕೆಲಸ ಅಂದರೆ ಕಂತು ನಿಮ್ಮನ್ನು ನಿದ್ದೆ ಮಾಡಲು ಬಿಡುವುದಿಲ್ಲ. ಹಳೆಯದನ್ನೇ ಇಟ್ಟುಕೊಳ್ಳಿ.

ಮಾರುವ ಮುಂಚೆ ಒಂದು ಕೆಲಸ ಮಾಡಿ. ಎಂಜಿನ್ ಬಿಸಿ ಇರುವಾಗ ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ತೆಳ್ಳಗೆ ಉಸಿರು ಬಂದರೆ ರಿಂಗ್ ಇನ್ನೂ ಇದೆ. ಬುಸುಬುಸು ಅಂತ ಹೊಗೆ ಒತ್ತಿ ಬಂದು ಅಂಗೈ ಎಣ್ಣೆಯಾದರೆ ಕೆಲಸ ಇದೆ. ವಿಡಿಯೋ ಮಾಡಿ ಇಲ್ಲೇ ಹಾಕಿ, ದನಿ ಸರಿಯಾಗಿ ಕೇಳುವ ಹಾಗೆ. ನೋಡಿ ಹೇಳುತ್ತೇನೆ.